ಕಾಗದದ ಜಗಲಿ

ನಮ್ಮ ಸೀಮೆಯ ಹಳೆಯ ಮನೆಗಳನ್ನು ನೀವು ನೋಡಿದ್ದರೆ ಒಂದು ಸಂಗತಿ ಗಮನಕ್ಕೆ ಬಂದಿರಬೇಕು. ಮನೆಯ ಮುಂದೆ, ಬೀದಿಗೆ ಮುಖ ಮಾಡಿ, ಈ ಕೊನೆಯಿಂದ ಆ ಕೊನೆಯವರೆಗೆ ಒಂದು ಜಗಲಿ. ಹೋಗುವವರು ಬರುವವರು ಅಲ್ಲಿ ಕೂರುತ್ತಾರೆ. ಎಲೆ ಅಡಿಕೆಯ ತಟ್ಟೆ ಬರುತ್ತದೆ. ಮಳೆ, ಕೊಬ್ಬರಿಯ ಧಾರಣೆ, ಎಲೆಕ್ಷನ್ನು, ಪಕ್ಕದೂರಿನ ವ್ಯಾಜ್ಯ, ಎಲ್ಲವೂ ಅಲ್ಲಿ ಚರ್ಚೆಯಾಗುತ್ತದೆ. ಒಬ್ಬ ಒಂದು ಮಾತು ಆಡಿದರೆ ಇನ್ನೊಬ್ಬ ಅದಕ್ಕೆ ಅಡ್ಡ ಹೇಳುತ್ತಾನೆ, ಮತ್ತೊಬ್ಬ ಹೌದೆನ್ನುತ್ತಾನೆ. ಹೊತ್ತು ಮುಳುಗುವುದರೊಳಗೆ ಊರಿಗೆ ಒಂದು ಅಭಿಪ್ರಾಯವೆಂಬುದು ಹುಟ್ಟಿಕೊಂಡಿರುತ್ತದೆ. ಆ ಜಗಲಿಯನ್ನು ಗುಡಿಸುತ್ತಿದ್ದವರು, ಸಗಣಿ ಸಾರಿಸುತ್ತಿದ್ದವರು, ಅದರ ಕೆಳಗೆ ರಂಗೋಲೆ ಇಡುತ್ತಿದ್ದವರು ಹೆಂಗಸರು. ಆದರೆ ಅದರ ಮೇಲೆ ಕೂರುತ್ತಿದ್ದವರು ಗಂಡಸರು.

ಹಾಗಂತ ಹೆಂಗಸರು ಮಾತನಾಡದೆ ಉಳಿದರೇ? ಮಾತನಾಡದೆ ಉಳಿಯುವ ಜಾತಿಯೇ ನಮ್ಮದು! ಬಾವಿಕಟ್ಟೆ ಇತ್ತು, ಬಟ್ಟೆ ಒಗೆಯುವ ಹಳ್ಳದ ಕಲ್ಲಿತ್ತು, ಹಪ್ಪಳ ಒತ್ತುವ ಮಧ್ಯಾಹ್ನಗಳಿದ್ದವು, ಗೌರಿಹಬ್ಬದ ಬಾಗಿನವಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಬೀಸುಕಲ್ಲು ಇತ್ತು. ಬೆಳಗಿನ ಜಾವ ಇಬ್ಬರು ಎದುರು ಬದುರಾಗಿ ಕೂತು ಗೂಟ ಹಿಡಿದರೆ, ಒಬ್ಬಳು ಪದ ಎತ್ತುತ್ತಿದ್ದಳು, ಎದುರಿನವಳು ಸೊಲ್ಲು ಕೂಡಿಸುತ್ತಿದ್ದಳು. ತವರಿನ ನೆನಪು, ಅತ್ತೆಯ ಬಿರುಸು, ಬಾರದ ಅಣ್ಣ, ಎಲ್ಲವೂ ಹಿಟ್ಟಿನ ಜೊತೆ ಹೊರಗೆ ಬರುತ್ತಿತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ಅಂಥ ಪದಗಳನ್ನು ಕೂಡಿಹಾಕಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದಾಗ, ಅಕ್ಷರ ಕಲಿಯದ ಹೆಂಗಸರು ಇಷ್ಟನ್ನೆಲ್ಲ ಯೋಚಿಸಿದ್ದರೇ ಎಂದು ಓದು ಬಲ್ಲವರು ಬೆರಗಾದರು. ನಮಗೆ ಅದರಲ್ಲಿ ಬೆರಗೇನೂ ಇಲ್ಲ ಬಿಡಿ.

ಆದರೆ ಬೀಸುಕಲ್ಲಿನ ಮಾತಿಗೆ ಎರಡು ಮಿತಿಗಳಿದ್ದವು. ಒಂದು, ಅದು ಆ ಅಂಗಳ ದಾಟಿ ಹೋಗುತ್ತಿದ್ದುದು ಪದವಾಗಿಯೇ ಹೊರತು, ಇಂಥವಳ ಅಭಿಪ್ರಾಯವೆಂದಲ್ಲ. ಹಾಡು ಊರೂರು ಸುತ್ತಿತು, ಕಟ್ಟಿದವಳ ಹೆಸರು ಉಳಿಯಲಿಲ್ಲ. ಎರಡು, ನಮ್ಮಂಥದೇ ಕಷ್ಟ ಪಡುತ್ತಿರುವ ಇನ್ನೊಬ್ಬಳು ಬೀದರಿನಲ್ಲೋ ಮಡಿಕೇರಿಯಲ್ಲೋ ಇದ್ದರೆ ಅವಳಿಗೆ ನಾವಿರುವುದು ಗೊತ್ತಾಗುವ ಬಗೆಯೇ ಇರಲಿಲ್ಲ. ಹೆಂಗಸರಿಗೂ ಒಂದು ಜಗಲಿ ಬೇಕಿತ್ತು, ಊರಿನಷ್ಟೇ ಅಲ್ಲ, ನಾಡಿನಷ್ಟು ಉದ್ದದ್ದು. ಅದು ಕಲ್ಲು ಮಣ್ಣಿನಲ್ಲಿ ಆಗುವಂಥದಲ್ಲ. ಕಾಗದದಲ್ಲೇ ಆಗಬೇಕಿತ್ತು.

ಹೆಸರಿನ ಮಾತು ಬಂದಾಗ ಹನ್ನೆರಡನೆಯ ಶತಮಾನವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಲ್ಯಾಣದ ಶರಣರ ನಡುವೆ 30ಕ್ಕೂ ಹೆಚ್ಚು ವಚನಕಾರ್ತಿಯರಿದ್ದರು. ಬಿದ್ದ ಅಕ್ಕಿ ಆಯುತ್ತಿದ್ದ ಲಕ್ಕಮ್ಮ, ಕಸ ಗುಡಿಸುತ್ತಿದ್ದ ಸತ್ಯಕ್ಕ, ಎಲ್ಲರೂ ಮಾತನಾಡಿದರು, ಎದುರು ಮಾತೂ ಆಡಿದರು. ಆದರೂ ಅಂಕಿತವನ್ನು ಗಮನಿಸಿ. ಗಂಡನಿಗೇ ಬುದ್ಧಿ ಹೇಳಿದ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಅದರಲ್ಲಿರುವುದು ಗಂಡ ಮಾರಯ್ಯನ ಹೆಸರು. ಅವಳಿಗೆ ಅದು ಕೊರತೆ ಎನಿಸಿರಲಾರದು. ನಾನು ಹೇಳುವುದು ಇಷ್ಟೆ: ಹೆಣ್ಣಿನ ಮಾತು ಹೊರಗೆ ಬಂದರೂ ಅವಳ ಹೆಸರು ಹೊರಗೆ ಬರಲು ಬಹಳ ಕಾಲ ಹಿಡಿಯಿತು.

ಇನ್ನು ಕಾಗದದ ಸಂಗತಿ. ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಅಂಚೆಯ ವ್ಯವಸ್ಥೆ ಇತ್ತು. ಅದು ಮೊದಮೊದಲು ಅರಮನೆಯ ಕಾರುಬಾರಿನದು. ಬ್ರಿಟಿಷರು 1854ರಲ್ಲಿ ಅರ್ಧ ಆಣೆಯ ಚೀಟಿ ಅಂಟಿಸಿದರೆ ದೇಶದಲ್ಲಿ ಎಷ್ಟು ದೂರಕ್ಕಾದರೂ ಕಾಗದ ಹೋಗುವಂತೆ ಮಾಡಿದರು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡು ಬಂತು. 1889ರಲ್ಲಿ ಮೈಸೂರಿನ ಅಂಚೆ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು, ಆದರೆ 'ಅಂಚೆ' ಎಂಬ ಮಾತು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು. ದಾರಿ ಸಿದ್ಧವಾಯಿತು. ನಡೆಯುವವರು ಎಲ್ಲಿ? 1901ರ ಜನಗಣತಿಯಲ್ಲಿ ಇಡೀ ದೇಶದ ಸಾವಿರ ಹೆಂಗಸರಲ್ಲಿ ಅಕ್ಷರ ಬಲ್ಲವರು ಸುಮಾರು 6 ಜನ. ಮೈಸೂರಿನಲ್ಲಿ 1881ರಲ್ಲೇ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ಶುರುವಾಗಿತ್ತು ನಿಜ. ಆದರೆ ಓದಲು ಕಲಿತವಳಿಗೂ ಕಾಗದ ಬರುತ್ತಿದ್ದುದು ತಂದೆಯ ವಿಳಾಸಕ್ಕೆ, ಮದುವೆಯಾದ ಮೇಲೆ ಗಂಡನ ಇಲ್ಲವೆ ಮಾವನ ವಿಳಾಸಕ್ಕೆ. ಕಾರ್ಡಾದರೆ ಅಂಚೆಯವನು ಓದಿ, ಜಗಲಿಯವರು ಓದಿ, ಕಡೆಗೆ ಒಳಗೆ ಬರುತ್ತಿತ್ತು. ಅಂಥ ಕಾರ್ಡಿನಲ್ಲಿ "ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂಬುದಕ್ಕಿಂತ ಹೆಚ್ಚು ಏನನ್ನು ತಾನೆ ಬರೆಯಲು ಸಾಧ್ಯ?

ಇಂಥ ಹೊತ್ತಿನಲ್ಲಿ ನಂಜನಗೂಡಿನ ಒಬ್ಬ ಹೆಣ್ಣುಮಗಳು ಮಾಡಿದ ಕೆಲಸವನ್ನು ನೆನೆದರೆ ಇವತ್ತಿಗೂ ಮೈ ಝುಂ ಎನ್ನುತ್ತದೆ. ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಹತ್ತರ ಸುಮಾರಿಗೆ ಮದುವೆ, ಹದಿನಾಲ್ಕರ ಸುಮಾರಿಗೆ ವೈಧವ್ಯ. ಆ ಕಾಲದ ಬಾಲವಿಧವೆಯ ಬಾಳು ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಮಗಳು ಓದಿದಳು, ಬರೆದಳು, ನೆರೆಯ ಹೆಂಗಸರಿಗೂ ಓದಿಸಿದಳು. 1913ರಲ್ಲಿ ಆಕೆ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆಯನ್ನೇ ಆರಂಭಿಸಿದರು. ಅದೇ ವರ್ಷ ಆಕೆಯ ಕಾದಂಬರಿ 'ಸುಶೀಲೆ' ಬಂತು. ಮುಂದೆ ಮೂರು ನಾಲ್ಕು ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ, ಅದರ ಬಳಿಕ 'ಸನ್ಮಾರ್ಗದರ್ಶಿನಿ'. ಬರೆದವರು ಅವರೇ, ಸಂಪಾದಕರು ಅವರೇ, ಪ್ರಕಾಶಕರೂ ಅವರೇ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಮನೆಯ ಹೊಸ್ತಿಲು ದಾಟುವುದಕ್ಕೆ ಅಪ್ಪಣೆ ಇಲ್ಲದ ಹೆಂಗಸು ತನ್ನ ಹೆಸರನ್ನು ಹೊಸ್ತಿಲಾಚೆ ಕಳಿಸಿದರು. ನಂಜನಗೂಡು ತಿರುಮಲಾಂಬಾ ಎಂದು ಊರು ಸಮೇತ ಅಚ್ಚಾಯಿತು. ಪುಸ್ತಕಗಳ ಒಳಗಿನ ಮಾತು ಇವತ್ತಿನ ನಮ್ಮ ಮನಸ್ಸಿಗೆ ಹಳತಾಗಿ ಕಾಣಬಹುದು. ಸತಿಯ ಧರ್ಮ, ಗೃಹಿಣಿಯ ನಡತೆ, ಇವೇ ಅಲ್ಲಿ ಹೆಚ್ಚು. ನಮ್ಮ ಕಾಲದ ಕೆಲವರು ಇದನ್ನು ಓದಿ ಮೂಗು ಮುರಿಯುವುದನ್ನು ಕಂಡಿದ್ದೇನೆ. ಆದರೆ ಯಾರು ಹೇಳುತ್ತಿದ್ದಾರೆ, ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕಲ್ಲವೇ? ಅದುವರೆಗೆ ಹೆಂಗಸಿಗೆ ಬುದ್ಧಿ ಹೇಳುತ್ತಿದ್ದವರು ಗಂಡಸರು. ಈಗ ಹೆಂಗಸಿನ ಜೊತೆ ಹೆಂಗಸು ಅಚ್ಚಿನಲ್ಲಿ ಮಾತನಾಡಲು ತೊಡಗಿದ್ದಳು.

ಇಷ್ಟು ಗಟ್ಟಿಯಾಗಿ ಶುರುವಾದ ದನಿ ಆಮೇಲೆ ಏನಾಯಿತು? ನಿಂತುಹೋಯಿತು. ಇಪ್ಪತ್ತಕ್ಕೂ ಹೆಚ್ಚು ಕೃತಿಗಳನ್ನು ಬರೆದ ತಿರುಮಲಾಂಬಾ ತಮ್ಮ ಬಾಳಿನ ಕಡೆಯ ದಶಕಗಳನ್ನು ಬರವಣಿಗೆಯಿಲ್ಲದೆ, ಹೆಚ್ಚಿನವರಿಗೆ ಗೊತ್ತೇ ಇಲ್ಲದ ಹಾಗೆ ಮದರಾಸಿನಲ್ಲಿ ಕಳೆದರು. ತೀರಿಕೊಂಡದ್ದು 1982ರಲ್ಲಿ. ತಮ್ಮ ಬರಹಕ್ಕೆ ಬಂದ ಬಿರುಸಾದ ವಿಮರ್ಶೆ ಆಕೆಯನ್ನು ನೋಯಿಸಿತ್ತು ಎಂದು ಬಲ್ಲವರು ಬರೆದಿದ್ದಾರೆ. ವಿಜಯಾ ದಬ್ಬೆಯಂಥ ಲೇಖಕಿಯರು ಆಕೆಯ ಕೆಲಸವನ್ನು ಮತ್ತೆ ಬೆಳಕಿಗೆ ತಂದದ್ದು ಬಹಳ ತಡವಾಗಿ. ಬರೆಯುವವರಿಗೆ ಹೊಗಳಿಕೆಯೇ ಬೇಕೆಂದಿಲ್ಲ. "ತಾಯೀ, ನಿಮ್ಮ ಕಾಗದ ತಲುಪಿತು, ನಮ್ಮ ಮನೆಯಲ್ಲೂ ಹೀಗೆಯೇ" ಎಂದು ಒಬ್ಬರು ಬರೆದರೆ ಸಾಕು, ಕೈ ಮುಂದಿನ ಸಾಲು ಬರೆಯುತ್ತದೆ. ಉತ್ತರ ಬಾರದ ಮಾತು ಒಲೆಗೆ ಸೌದೆ ಇಡದೆ ಬಿಟ್ಟ ಹಾಗೆ. ಒಮ್ಮೆಗೇ ಆರುವುದಿಲ್ಲ, ಬೂದಿ ಮುಚ್ಚುತ್ತ ಹೋಗುತ್ತದೆ.

ಆರ್. ಕಲ್ಯಾಣಮ್ಮನವರಿಗೆ ಈ ಗುಟ್ಟು ಗೊತ್ತಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅವರೂ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. 1920ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಶುರು ಮಾಡಿ ನಾಲ್ಕು ದಶಕ ನಡೆಸಿದರು. ಕನ್ನಡದಲ್ಲಿ ಪತ್ರಿಕೆ ತೆಗೆಯುವುದು ಸುಲಭ, ನಡೆಸುವುದು ಕಷ್ಟ ಎಂಬುದು ಎಲ್ಲ ಕಾಲಕ್ಕೂ ಸಲ್ಲುವ ಮಾತು. ಚಂದಾದಾರರು ಹಣ ಕಳಿಸಬೇಕು, ಕಾಗದದ ಬೆಲೆ ಏರುತ್ತದೆ, ಯುದ್ಧದ ಕಾಲದಲ್ಲಿ ಕಾಗದವೇ ಸಿಕ್ಕುವುದಿಲ್ಲ. ಅಂಥದರಲ್ಲಿ ಒಬ್ಬ ಹೆಂಗಸು ನಲವತ್ತು ವರ್ಷ ತಿಂಗಳು ತಿಂಗಳು ಸಂಚಿಕೆ ತಂದರೆಂದರೆ!

ಇದು ಹೇಗೆ ಸಾಧ್ಯವಾಯಿತು? ಅವರು ಪತ್ರಿಕೆಯನ್ನು ಮಾತ್ರ ನಡೆಸಲಿಲ್ಲ. ಶಾರದಾ ಸ್ತ್ರೀ ಸಮಾಜ ಕಟ್ಟಿದರು. 1938ರಲ್ಲಿ ಮಕ್ಕಳ ಕೂಟ ಆರಂಭಿಸಿದರು. ಇವತ್ತಿಗೂ ಬೆಂಗಳೂರಿನಲ್ಲಿ ಆ ಹೆಸರಿನ ಒಂದು ವೃತ್ತವೇ ಇದೆ. ಬಸ್ಸಿನ ಕಂಡಕ್ಟರು "ಮಕ್ಕಳ ಕೂಟ ಯಾರ್ರೀ" ಎಂದು ಕೂಗಿದಾಗ ಇಳಿಯುವವರಲ್ಲಿ ಎಷ್ಟು ಜನಕ್ಕೆ ಆ ಹೆಸರಿನ ಹಿಂದಿನ ಹೆಣ್ಣುಮಗಳು ಗೊತ್ತೋ ಕಾಣೆ. ಪತ್ರಿಕೆಯಲ್ಲಿ ಓದಿದ ಹೆಂಗಸಿಗೆ ಸಮಾಜಕ್ಕೆ ಬಂದರೆ ಮುಖ ಕಾಣುತ್ತಿತ್ತು. ಸಮಾಜಕ್ಕೆ ಬಂದವಳಿಗೆ ಪತ್ರಿಕೆಗೆ ಬರೆಯುವ ಧೈರ್ಯ ಬರುತ್ತಿತ್ತು. ಹೆಂಗಸರ ಬರವಣಿಗೆಗೆ ಹೆಂಗಸರ ಗುಂಪೇ ಬೆನ್ನಾಸರೆ ಎಂಬುದನ್ನು ಅವರು ಮಾಡಿ ತೋರಿಸಿದರು. ಮುಂದೆ 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದವರು ಟಿ. ಸುನಂದಮ್ಮ. 1942ರಲ್ಲಿ ಆರಂಭವಾದ 'ಕೊರವಂಜಿ'ಯಲ್ಲಿ ಗಂಡಸರ ನಡುವೆ ಕೂತು ಸಂಸಾರದ ಫಜೀತಿಗಳನ್ನೇ ಬರೆದು ನಾಡನ್ನು ನಗಿಸಿದವರು.

ಹೆಸರಿನ ಕಥೆ ಮಾತ್ರ ಇಷ್ಟು ಸರಳವಾಗಿ ಸಾಗಲಿಲ್ಲ. ಕೊಡಗಿನ ಗೌರಮ್ಮನವರನ್ನೇ ನೋಡಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು ಅವರನ್ನು ಕರೆಸಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟವರು. ಇಷ್ಟು ದಿಟ್ಟೆಯಾದ ಹೆಣ್ಣುಮಗಳು ಕಥೆಗಳಿಗೆ ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಅದು ಗಂಡನ ಹೆಸರು. 1939ರಲ್ಲಿ, 27ರ ಹರೆಯದಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಇವತ್ತು ನಾವು ಅವರನ್ನು ಕೊಡಗಿನ ಗೌರಮ್ಮ ಎನ್ನುತ್ತೇವೆ. ಊರು ಮತ್ತು ಅವರ ಸ್ವಂತ ಹೆಸರು. ಆ ಹೆಸರು ನಿಂತದ್ದನ್ನು ಕಾಣಲು ಅವರಿರಲಿಲ್ಲ.

ಆಮೇಲಿನವರು ಗಂಡನ ಹೆಸರಿನ ಬದಲಿಗೆ ಬೇರೊಂದು ಉಪಾಯ ಹುಡುಕಿದರು. ಬಿ.ಎನ್. ಸುಬ್ಬಮ್ಮ 'ವಾಣಿ'ಯಾದರು. ಅನಸೂಯಾ ಶಂಕರ್ 'ತ್ರಿವೇಣಿ'ಯಾದರು. ಕಾವ್ಯನಾಮ ಗಂಡಸರಿಗೂ ಇತ್ತು, ಅವರಿಗೆ ಅದು ಅಲಂಕಾರ. ಹೆಂಗಸರಿಗೆ ಬಹಳ ಸಲ ಅದು ಸೆರಗು. 1963ರಲ್ಲಿ 34ರ ವಯಸ್ಸಿಗೇ ತೀರಿಕೊಂಡ ತ್ರಿವೇಣಿ ಸುಮಾರು 20 ಕಾದಂಬರಿ ಬರೆದಿದ್ದರು. ಹೆಂಗಸಿನ ಮನಸ್ಸಿಗೂ ಕಾಯಿಲೆ ಬರುತ್ತದೆ, ಅದು ದೆವ್ವವಲ್ಲ, ಸೋಗಲ್ಲ, ಅದಕ್ಕೆ ಮದ್ದುಂಟು ಎಂದು ಮೊದಲು ನಮ್ಮ ಅಡುಗೆಮನೆಗಳಿಗೆ ಹೇಳಿದವರು ಅವರು. 'ಶರಪಂಜರ' 1971ರಲ್ಲಿ ಸಿನಿಮಾ ಆಗಿ ಬಂದಾಗ ನೋಡಿದ ಹೆಂಗಸರು ಕಣ್ಣೊರೆಸಿಕೊಂಡದ್ದು ಕಥೆಯ ಕಾವೇರಿಗಾಗಿ ಮಾತ್ರ ಇರಲಾರದು. ತ್ರಿವೇಣಿ ತೀರಿಕೊಂಡ ಆ 1963ರಲ್ಲೇ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರಾ' ಬಂತು. ಆಗ ಅವರಿಗೆ 46 ವರ್ಷ. ಮಕ್ಕಳು ದೊಡ್ಡವರಾದ ಮೇಲೆ ಇನ್ನೇನು ಮಾಡುವುದೆಂದು ಕೂತಿರುವ ನನ್ನ ಗೆಳತಿಯರಿಗೆ ಈ ಲೆಕ್ಕವನ್ನು ನಾನು ಆಗಾಗ ಹೇಳುತ್ತಿರುತ್ತೇನೆ.

ಇವರೆಲ್ಲ ಹೆಸರಾದ ಲೇಖಕಿಯರು. ಆದರೆ ಜಗಲಿಯೆಂದರೆ ಪಂಡಿತರಷ್ಟೇ ಕೂರುವ ಜಾಗವಲ್ಲವಲ್ಲ. ಕಥೆ ಕಾದಂಬರಿ ಬರೆಯಲಾಗದ, ಆದರೆ ಹೇಳುವುದಕ್ಕೆ ಒಂದು ಮಾತಿದ್ದ ಸಾವಿರಾರು ಹೆಂಗಸರಿಗೆ ಜಾಗ ಸಿಕ್ಕಿದ್ದು ವಾರಪತ್ರಿಕೆಗಳ ಓದುಗರ ಪುಟದಲ್ಲಿ. 1951ರಲ್ಲಿ ದೇಶದ ನೂರು ಹೆಂಗಸರಲ್ಲಿ ಅಕ್ಷರ ಬಲ್ಲವರು 9 ಜನವೂ ಇರಲಿಲ್ಲ. ಆದರೆ ಆ ಸಂಖ್ಯೆ ಏರತೊಡಗಿತ್ತು. 1956ರಲ್ಲಿ 'ಕಸ್ತೂರಿ', 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ', 1983ರಲ್ಲಿ 'ತರಂಗ', ಹೀಗೆ ಪತ್ರಿಕೆಗಳು ಒಂದೊಂದಾಗಿ ಮನೆಯೊಳಗೆ ಬಂದವು. ಕೊಳ್ಳಲಾಗದವರು ನಾಲ್ಕು ಮನೆ ಸೇರಿ ಒಂದು ಪ್ರತಿ ತರಿಸುತ್ತಿದ್ದರು. ಮೊದಲು ಗಂಡಸರು ಓದಿ, ಆಮೇಲೆ ಒಳಗೆ ಬಂದು, ಅಡುಗೆಮನೆಯ ಮಸಿಗೈಯ ಗುರುತು ಹತ್ತಿಸಿಕೊಂಡು, ಮುಂದಿನ ಮನೆಗೆ ಹೋಗುತ್ತಿತ್ತು.

ಅಡುಗೆ, ರಂಗೋಲೆ, ಮನೆಮದ್ದಿನ ಪುಟಗಳನ್ನು ಈಗ ಹಗುರವಾಗಿ ನೋಡುವವರುಂಟು. ನಾನು ಹಾಗೆ ನೋಡುವುದಿಲ್ಲ. ಮೊದಲ ಸಲ ಬರೆಯುವವಳು ಒಮ್ಮೆಗೇ ವರದಕ್ಷಿಣೆಯ ಬಗ್ಗೆ ಬರೆಯುವುದಿಲ್ಲ. ಮಾವಿನಕಾಯಿ ಚಿತ್ರಾನ್ನದ ಬಗ್ಗೆ ಬರೆಯುತ್ತಾಳೆ. ಅದು ಅಚ್ಚಾಗುತ್ತದೆ. ಮನೆಯವರು ನಕ್ಕು ಸುಮ್ಮನಾಗುತ್ತಾರೆ. ಮುಂದಿನ ವರ್ಷ ಅದೇ ಕೈ ಇನ್ನೊಂದು ಮಾತು ಬರೆಯುತ್ತದೆ, ಈ ಸಲ ಹೆಸರಿಲ್ಲದೆ. 'ಒಬ್ಬ ಗೃಹಿಣಿ', 'ನೊಂದ ಸೋದರಿ', 'ಓದುಗಳು'. ಊರಿನ ಹೆಸರೂ ಬೇಡ ಎನ್ನುವವರಿದ್ದರು. ವೈದ್ಯರ ಪ್ರಶ್ನೋತ್ತರದ ಅಂಕಣಗಳಲ್ಲಿ, ಗಂಡನಿಗೂ ತಾಯಿಗೂ ಹೇಳಲಾಗದ ಬೇನೆಗಳನ್ನು ಹೆಂಗಸರು ಹೆಸರು ಮರೆಸಿ ಕೇಳಿದರು. ಉತ್ತರ ಬಂದದ್ದು ಒಬ್ಬಳಿಗೆ, ಅದನ್ನು ಕತ್ತರಿಸಿ ಅಕ್ಕಿಡಬ್ಬದ ಕೆಳಗೆ ಇಟ್ಟುಕೊಂಡವರು ಎಷ್ಟೋ ಜನ. ಡಾಕ್ಟರ್ ಅನುಪಮಾ ನಿರಂಜನ 'ವಧುವಿಗೆ ಕಿವಿಮಾತು', 'ತಾಯಿ-ಮಗು'ವಿನಂಥ ಪುಸ್ತಕಗಳನ್ನು ಬರೆದದ್ದೂ ಆ ಕಾಲದಲ್ಲೇ. ಮದುವೆಯ ಉಡುಗೊರೆಯಾಗಿ ಬೆಳ್ಳಿ ಕುಂಕುಮದ ಬಟ್ಟಲಿನ ಜೊತೆ ಆ ಪುಸ್ತಕವನ್ನು ಕೊಡುವ ರೂಢಿ ನಮ್ಮ ಕಡೆ ಇತ್ತು.

ಈ ಪುಟಗಳಿಂದ ಬದುಕು ಬದಲಾಗುತ್ತಿತ್ತೇ ಎಂದು ನೀವು ಕೇಳಬಹುದು. ಕೆಲವು ಸಲ ಬದಲಾಗುತ್ತಿತ್ತು ಎಂಬುದಕ್ಕೆ ನಾನೇ ಸಾಕ್ಷಿ.

ನಮ್ಮದು ಅರಸೀಕೆರೆಯ ಕಡೆಯ ಹಳ್ಳಿ, ಕೂಡು ಕುಟುಂಬ. 1986ರಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪಾಸಾದೆ. ಕಾಲೇಜಿದ್ದದ್ದು ಪಟ್ಟಣದಲ್ಲಿ, ಬಸ್ಸು ದಿನಕ್ಕೆ ಎರಡು. ಹೆಣ್ಣುಹುಡುಗಿಯನ್ನು ಒಬ್ಬಳೇ ಕಳಿಸುವುದೆಂದರೇನು ಎಂದು ತಾತ ಹೇಳಿದ ಮೇಲೆ ಆ ಮಾತು ಅಲ್ಲಿಗೇ ಮುಗಿಯಿತು. ಅಪ್ಪ ತಲೆ ತಗ್ಗಿಸಿಕೊಂಡು ತೋಟಕ್ಕೆ ಹೋದರು, ಅಮ್ಮ ಒಲೆಯ ಮುಂದೆ ಕೂತರು, ನಾನು ಹೊಲಿಗೆ ಕಲಿಯಲು ಪಕ್ಕದ ಬೀದಿಗೆ ಹೋದೆ. ನಮ್ಮ ಮನೆಯಲ್ಲಿ ದೊಡ್ಡಪ್ಪನ ಹೆಂಡತಿ, ನನ್ನ ದೊಡ್ಡಮ್ಮ, ಏಳನೆಯ ಕ್ಲಾಸು ಓದಿದವರು. ಮಕ್ಕಳಿರಲಿಲ್ಲ. ಬಾಯಿ ಬಿಟ್ಟು ಹೆಚ್ಚು ಮಾತಾಡುವವರೂ ಅಲ್ಲ.

ಒಂದು ಸಂಜೆ ತಾತ ಎಂದಿನಂತೆ ಜಗಲಿಯ ಮೇಲೆ ಕೂತು ವಾರಪತ್ರಿಕೆ ಓದುತ್ತಿದ್ದರು. ಕಣ್ಣು ಮಂಜಾದವರು ನಾಲ್ಕು ಜನ ಸುತ್ತ ಕೂತಿದ್ದರಿಂದ ಗಟ್ಟಿಯಾಗಿಯೇ ಓದುತ್ತಿದ್ದರು. ಓದುಗರ ಪುಟದಲ್ಲಿ ಎಂಟು ಸಾಲಿನ ಒಂದು ಕಾಗದ. ಮನೆಯ ಹೆಣ್ಣುಮಗಳು ಒಳ್ಳೆಯ ನಂಬರು ತೆಗೆದು ಪಾಸಾಗಿದ್ದಾಳೆ. ಅವಳಿಗಿಂತ ಕಡಮೆ ನಂಬರಿನ ಗಂಡುಹುಡುಗ ಕಾಲೇಜಿಗೆ ಹೋಗುತ್ತಿದ್ದಾನೆ. ಬಸ್ಸು ಇಬ್ಬರಿಗೂ ಒಂದೇ ಅಲ್ಲವೇ? ಹಿರಿಯರು ದಯವಿಟ್ಟು ಹೇಳಬೇಕು. ಕೆಳಗೆ ಸಹಿ: ಒಬ್ಬ ತಾಯಿ, ಅರಸೀಕೆರೆ ತಾಲ್ಲೂಕು. ಓದಿ ಮುಗಿಸಿದ ತಾತ ಕನ್ನಡಕ ತೆಗೆದು, "ಯಾರೋ ನಮ್ಮನೆ ಗೋಡೆಗೆ ಕಿವಿಗೊಟ್ಟು ಬರ್ದಂಗೈತೆ ಕಣಯ್ಯ" ಎಂದರು. ಕೂತವರಲ್ಲಿ ಒಬ್ಬರು, "ಕೇಳಿರೋದು ಸರಿಯಾಗೇ ಐತಲ್ಲ ಗೌಡ್ರೇ" ಎಂದರು. ಇನ್ನೊಬ್ಬರು ಕಾಲ ಕೆಟ್ಟಿತೆಂದರು. ಅಂದು ದೀಪ ಹಚ್ಚುವ ಹೊತ್ತಿನವರೆಗೆ ಅದೇ ಚರ್ಚೆ. ಬಾಗಿಲ ಹಿಂದೆ ಹೂವು ಕಟ್ಟುತ್ತಿದ್ದ ದೊಡ್ಡಮ್ಮನ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. ನನಗೆ ಗುಮಾನಿ ಬಂದು ಆಮೇಲೆ ಮೆಲ್ಲಗೆ ಕೇಳಿದೆ. ಅವರು ಹೇಳಿದ್ದು ಇಷ್ಟೆ: "ಬರೆದೋರು ಯಾರಾದ್ರೇನು ಮಗ, ಮಾತು ಜಗಲಿಗೆ ಬಂತಲ್ಲ."

ಮೂರು ವಾರದ ಮೇಲೆ ಉತ್ತರಗಳು ಅಚ್ಚಾದವು. ಓದಿದ ಹುಡುಗಿಗೆ ವರ ಹುಡುಕುವುದು ಕಷ್ಟ ಎಂದು ಮೈಸೂರಿನ ಮಹನೀಯರೊಬ್ಬರು ಎಚ್ಚರಿಸಿದ್ದರು. ಹೊಸಪೇಟೆಯ ಒಬ್ಬ ಶಿಕ್ಷಕಿ ಮಾತ್ರ ಉಪದೇಶದ ಗೋಜಿಗೆ ಹೋಗದೆ, ಸರಕಾರಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ಯಾವ ತಿಂಗಳು ಅರ್ಜಿ ಹಾಕಬೇಕು, ಯಾರನ್ನು ಕೇಳಬೇಕು, ಏನೇನು ಸರ್ಟಿಫಿಕೇಟು ಬೇಕು ಎಂದು ಬರೆದಿದ್ದರು. ಇದೂ ಜಗಲಿಯ ಮೇಲೆ ಗಟ್ಟಿಯಾಗಿ ಓದಲ್ಪಟ್ಟಿತು. ಅಷ್ಟರಲ್ಲಿ ಆ ವರ್ಷದ ಅರ್ಜಿಯ ದಿನ ಕಳೆದಿತ್ತು. ಒಂದು ವರ್ಷ ನಾನು ಬ್ಲೌಸುಗಳನ್ನೇ ಹೊಲಿದೆ. ಮರು ವರ್ಷ ಜೂನಿನಲ್ಲಿ ತಾತನೇ ನನ್ನ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಹಾಸ್ಟೆಲಿನವರೆಗೆ ಬಂದು ಬಿಟ್ಟುಹೋದರು. ಆ ಕಾಗದದ ಮಾತನ್ನು ಅವರು ನನ್ನ ಹತ್ತಿರ ಒಂದು ದಿನವೂ ಎತ್ತಲಿಲ್ಲ.

ಆದರೆ ಅವರಿಗೆ ಗೊತ್ತಾಗಿತ್ತು. ಹೊಸಪೇಟೆಯ ಶಿಕ್ಷಕಿ ಪತ್ರಿಕೆಯ ಕಚೇರಿಯ ಮೂಲಕ ಒಂದು ಇನ್ಲೆಂಡ್ ಲೆಟರು ಕಳಿಸಿದ್ದರು. ಅದರ ಮೇಲೆ ದೊಡ್ಡಮ್ಮನ ಹೆಸರಿತ್ತು. ಆ ಮನೆಗೆ ಬಂದ ಇಪ್ಪತ್ತು ವರ್ಷಗಳಲ್ಲಿ ಅವರ ಹೆಸರಿಗೇ ಬಂದ ಮೊದಲ ಕಾಗದ ಅದು. ತಾತ ಅದನ್ನು ಒಡೆಯದೆ ಒಳಗೆ ತಂದು, ಮಜ್ಜಿಗೆ ಕಡೆಯುತ್ತಿದ್ದ ಸೊಸೆಯ ಪಕ್ಕದಲ್ಲಿ ಇಟ್ಟು, "ನಿಂಗೊಂದು ಕಾಗದ ಬಂದೈತೆ ಕಣವ್ವ" ಎಂದು ಹೊರಗೆ ಹೋದರು. ಆಮೇಲೆ ಆ ಇಬ್ಬರು ಹೆಂಗಸರು ವರ್ಷಗಟ್ಟಲೆ ಕಾಗದ ಬರೆದುಕೊಂಡರು. ಒಮ್ಮೆಯೂ ಭೇಟಿಯಾಗಲಿಲ್ಲ. ದೊಡ್ಡಮ್ಮ ಪತ್ರಿಕೆಗೆ ಆಮೇಲೂ ಬರೆದರು, ಪ್ರತಿ ಸಲವೂ 'ಒಬ್ಬ ತಾಯಿ' ಎಂದೇ. ಹಡೆಯದ ಅವರು ಆ ಹೆಸರನ್ನು ಯಾಕೆ ಆರಿಸಿಕೊಂಡರೆಂದು ನಾನು ಕೇಳಲಿಲ್ಲ. ಅವರ ಸ್ವಂತ ಹೆಸರು ಅಚ್ಚಾದದ್ದು ಎರಡೇ ಸಲ, ಲಗ್ನಪತ್ರಿಕೆಯಲ್ಲಿ ಒಮ್ಮೆ, 2004ರಲ್ಲಿ ಶಿವಗಣಾರಾಧನೆಯ ಕಾರ್ಡಿನಲ್ಲಿ ಒಮ್ಮೆ.

ಈ ಕಾಗದದ ಜಗಲಿಯನ್ನು ನಾನು ಬರಿದೆ ಹೊಗಳುತ್ತಿಲ್ಲ. ಅದರ ಮೇಲೆ ಎಲ್ಲರಿಗೂ ಜಾಗವಿರಲಿಲ್ಲ. ಅಕ್ಷರ ಬೇಕು, ಕಾರ್ಡಿಗೆ ಕಾಸು ಬೇಕು, ಬರೆಯಲು ಅರ್ಧ ಗಂಟೆ ಬಿಡುವು ಬೇಕು. ನಮ್ಮ ತೋಟದಲ್ಲಿ ಕಾಯಿ ಸುಲಿಯಲು ಬರುತ್ತಿದ್ದ ಹೆಂಗಸರಿಗೆ ಈ ಮೂರೂ ಇರಲಿಲ್ಲ. ಅವರ ಮಾತು ಯಾವ ಓದುಗರ ಪುಟಕ್ಕೂ ಬರಲಿಲ್ಲ. ಅವರ ಹೆಣ್ಣುಮಕ್ಕಳು ಓದಿ, ತಮ್ಮ ಕಥೆಯನ್ನು ತಾವೇ ಬರೆಯಲು ಇನ್ನೊಂದು ತಲೆಮಾರು ಬೇಕಾಯಿತು. ಇನ್ನು, ಪತ್ರಿಕೆಯ ಕಚೇರಿಯಲ್ಲಿ ಕೂತವರು ಯಾವುದನ್ನು ಅಚ್ಚು ಹಾಕುತ್ತಿದ್ದರೋ ಅದಷ್ಟೇ ನಮಗೆ ಕಾಣುತ್ತಿತ್ತು. ಕಸದ ಬುಟ್ಟಿಗೆ ಹೋದ ಕಾಗದಗಳ ಚರಿತ್ರೆಯನ್ನು ಬರೆಯುವವರು ಯಾರು?

ಈಗ ಕಾಲ ಬೇರೆ. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ನೂರು ಹೆಂಗಸರಲ್ಲಿ 68 ಜನ ಅಕ್ಷರ ಬಲ್ಲವರಾಗಿದ್ದರು. ತಂತಿ ಕಳಿಸುವ ವ್ಯವಸ್ಥೆ 2013ರಲ್ಲಿ ನಿಂತಿತು. ನಾವು ಓದಿ ಬೆಳೆದ ಎಷ್ಟೋ ಪತ್ರಿಕೆಗಳು ನಿಂತುಹೋದವು. ಪ್ರತಿಯೊಬ್ಬರ ಕೈಯಲ್ಲೂ ಫೋನಿದೆ. ಮನಸ್ಸಿಗೆ ಬಂದ ಮಾತು ಮರುಗಳಿಗೆಗೆ ಊರೆಲ್ಲ ತಲುಪುತ್ತದೆ. ಸಂಪಾದಕರ ಅಪ್ಪಣೆ ಬೇಡ, ಚೀಟಿ ಬೇಡ. ಇದು ಸಣ್ಣ ಲಾಭವಲ್ಲ. ಆದರೂ ನನ್ನ ಓರಗೆಯ ಹೆಂಗಸರ ಗುಂಪುಗಳಲ್ಲಿ ದಿನವೂ ಬರುವುದು ಯಾರೋ ಬರೆದ ಸುಪ್ರಭಾತದ ಹೂವು, ಯಾರೋ ಹೇಳಿದ ನೀತಿಮಾತು. ಕಳಿಸಿದವಳ ಸ್ವಂತ ಮಾತು ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಹಿಂದೆ ಮಾತಿತ್ತು, ಹೆಸರಿರಲಿಲ್ಲ. ಈಗ ಹೆಸರಿದೆ, ಭಾವಚಿತ್ರವೂ ಇದೆ, ಮಾತು ಮಾತ್ರ ಇನ್ನೊಬ್ಬರದು. ಹಾಗೂ ಒಬ್ಬಳು ಧೈರ್ಯ ಮಾಡಿ ತನ್ನ ಮಾತು ಬರೆದರೆ ಅವಳ ಮೇಲೆ ಬೀಳುವ ಬೈಗುಳ ಎಂಥದೆಂದು ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಹೆದರಿ ಸೆರಗು ಎಳೆದುಕೊಳ್ಳುವ ಕಾಲ ಇನ್ನೂ ಪೂರ್ತಿ ಮುಗಿದಿಲ್ಲ.

ನಮ್ಮ ಶಾಲೆಯಲ್ಲಿ ಒಂದು ಗೋಡೆಪತ್ರಿಕೆ ಇದೆ. ತಿಂಗಳಿಗೊಮ್ಮೆ ಮಕ್ಕಳು ಬರೆದದ್ದನ್ನು ಅಂಟಿಸುತ್ತೇವೆ. ಅದಕ್ಕೆ ನಾನು ಎರಡು ನಿಯಮ ಮಾಡಿದ್ದೇನೆ. ಬರೆದವರು ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಬೇಕು. ಓದಿದವರಲ್ಲಿ ಒಬ್ಬರಾದರೂ ಅದರ ಕೆಳಗೆ ಒಂದು ಸಾಲು ಉತ್ತರ ಬರೆಯಬೇಕು. ಹೋದ ತಿಂಗಳು ಒಂಬತ್ತನೆಯ ಕ್ಲಾಸಿನ ಒಬ್ಬ ಹುಡುಗಿ ಬರೆದಿದ್ದಳು, ತಾನು ಮನೆಯಲ್ಲಿ ನೀರು ಹೊರುವುದರಿಂದ ಮೊದಲ ಪೀರಿಯಡ್ಡಿಗೆ ತಡವಾಗುತ್ತದೆ, ಅದು ಸೋಮಾರಿತನವಲ್ಲ ಎಂದು. ಕೆಳಗೆ ಏಳು ಉತ್ತರಗಳಿದ್ದವು. ಐದರಲ್ಲಿ ಬರೆದಿತ್ತು: ನಮ್ಮ ಮನೆಯಲ್ಲೂ ಹೀಗೆಯೇ. ಮೊದಲ ಪೀರಿಯಡ್ಡಿನ ಮೇಷ್ಟರು ಅದನ್ನು ಎರಡು ಸಲ ಓದಿ ಹೋದದ್ದನ್ನು ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡಿದೆ.